ಅಪ್‌ಡೇಟ್: ಲ್ಯಾಪ್‌ಟಾಪ್ ಕೆಲಸ ಮತ್ತು ಕುತ್ತಿಗೆ ನೋವು
ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ, ಮಣಿಕಟ್ಟು ನೋಯುತ್ತಿದೆ, ಏನು ಬದಲಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನೋವು ಬಹುಪಾಲು ಇಳಿದಿದೆ.

ತೊಂದರೆ ಲ್ಯಾಪ್‌ಟಾಪ್‌ನ ರಚನೆಯಲ್ಲೇ ಇದೆ. ಪರದೆ, ಕೀಬೋರ್ಡ್ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಹಾಗಾಗಿ ಎತ್ತರಿಸಿದರೆ ಕೈ ಮೇಲೇರುತ್ತದೆ, ಇಳಿಸಿದರೆ ತಲೆ ಬಾಗುತ್ತದೆ. ಬರೀ ಸ್ಟ್ಯಾಂಡ್ ತಂದರೆ ಭುಜ ನೋಯಲು ಶುರು. ಬೇರೆ ಕೀಬೋರ್ಡ್, ಮೌಸ್ ಬೇಕೇ ಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಸುಮಾರು ಒಂದು ತೋಳಿನಷ್ಟು. ಬೈಫೋಕಲ್ ಕನ್ನಡಕದವರು (ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಹತ್ತಿರಕ್ಕೆ) ಇನ್ನೂ ತಗ್ಗಿಸಿ, ಇಲ್ಲವಾದರೆ ಗದ್ದ ಎತ್ತಿ ನೋಡಬೇಕಾಗುತ್ತದೆ. ಮೊಣಕೈ 90 ಡಿಗ್ರಿಯ ಆಸುಪಾಸು. ಪಾದ ನೆಲಕ್ಕೆ ತಾಗದಿದ್ದರೆ ಕಾಲಡಿ ಮಣೆ ಇಡಿ.

ಇಷ್ಟಾದರೂ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಿ.