ಕ್ಯಾಂಪರ್ ಚಾವಣಿಗೆ ಸೋಲಾರ್: 540 ವಾಟಿನದ್ದು ಒಂದು ಸಾಕಾ, 200ರದ್ದು ಎರಡು ಹಾಕೋದಾ?

ಕಣದಂಚು
ನಮಸ್ಕಾರ. ಗೋಣಿಕೊಪ್ಪದಲ್ಲಿ ಟ್ರಾವೆಲರ್ ವ್ಯಾನೊಂದನ್ನು ಕ್ಯಾಂಪರ್ ಮಾಡಿಸುತ್ತಿದ್ದೇವೆ. ವೆಂಟ್ ಫ್ಯಾನಿನ ಜಾಗ ಬಿಟ್ಟರೆ ಚಾವಣಿಯಲ್ಲಿ 2.4 ಮೀಟರ್ ಉದ್ದ, 1.5 ಮೀಟರ್ ಅಗಲ ಚಪ್ಪಟೆಯಾಗಿ ಸಿಗುತ್ತದೆ. ಬ್ಯಾಟರಿ 12.8 ವೋಲ್ಟ್, 100 ಆಂಪಿಯರ್-ಅವರ್, ಲಿಥಿಯಂ ಫಾಸ್ಫೇಟ್. ಓಡಬೇಕಾದ್ದು: 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್, ಒಂದು ಫ್ಯಾನ್, ಎಲ್‌ಇಡಿ ದೀಪ, ನೀರಿನ ಪಂಪ್, ಒಂದು ಲ್ಯಾಪ್‌ಟಾಪ್. ಮನೆ ಮೇಲೆ ಹಾಕುವ 540 ವಾಟಿನ ಪ್ಯಾನೆಲ್ ಒಂದನ್ನೇ ಹಾಕಿ, ಪಿಡಬ್ಲ್ಯೂಎಂ ಕಂಟ್ರೋಲರ್ (ಪ್ಯಾನೆಲಿನಿಂದ ಬ್ಯಾಟರಿ ಚಾರ್ಜ್ ಮಾಡುವ ಸಾಧನದ ಸರಳ ಬಗೆ) ಸಾಕು ಅಂತ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. 200 ವಾಟಿನದ್ದು ಎರಡು ಹಾಕುವುದಾದರೆ ಸೀರೀಸಾ, ಪ್ಯಾರಲಲ್ಲಾ? ಮಳೆಗಾಲದಲ್ಲೂ ತಿರುಗಾಡುವ ಯೋಚನೆಯಿದೆ.

ಹಾರಂಗಿ ಹಿನ್ನೀರು
ಮೊದಲು ಪಿಡಬ್ಲ್ಯೂಎಂ ಮಾತನ್ನು ಬಿಟ್ಟುಬಿಡಿ. ಅದು ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ. 540 ವಾಟಿನದ್ದು ಸುಮಾರು 41 ವೋಲ್ಟಿನಲ್ಲಿ 13 ಆಂಪಿಯರ್ ಕೊಡುವ ಪ್ಯಾನೆಲ್. ಪಿಡಬ್ಲ್ಯೂಎಂ ಹಾಕಿದರೆ ಅದೇ 13 ಆಂಪಿಯರ್ 13.5 ವೋಲ್ಟಿನಲ್ಲಿ ಬರುತ್ತದೆ, ಅಂದರೆ 175 ವಾಟ್ ಅಷ್ಟೇ. ಉಳಿದದ್ದು ವ್ಯರ್ಥ. ಪ್ಯಾನೆಲಿನ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಚಾರ್ಜಿಂಗ್ ಕರೆಂಟಾಗಿ ಬದಲಿಸುವ ಎಂಪಿಪಿಟಿ ಕಂಟ್ರೋಲರ್ ಬೇಕೇ ಬೇಕು.

ನಿಮ್ಮ ಖರ್ಚು ಲೆಕ್ಕ ಹಾಕೋಣ. ಫ್ರಿಜ್ 45 ವಾಟ್, ದಿನದ ಶೇ. 40ರಷ್ಟು ಹೊತ್ತು ಓಡಿದರೆ 430 ವಾಟ್-ಅವರ್. ಫ್ಯಾನ್ 160, ದೀಪ 50, ಲ್ಯಾಪ್‌ಟಾಪ್ ಮತ್ತು ಫೋನ್ 150, ಪಂಪ್ 15. ಒಟ್ಟು 800ರ ಆಸುಪಾಸು. ಬ್ಯಾಟರಿಯಲ್ಲಿ ಇರುವುದು 1280, ಬಿಸಿಲಿಲ್ಲದೆ ಒಂದೂವರೆ ದಿನ. 400 ವಾಟ್ ಪ್ಯಾನೆಲ್ ಚಪ್ಪಟೆ ಮಲಗಿಸಿದರೂ ಜನವರಿಯ ಶುಭ್ರ ದಿನ ಸಾವಿರದ ಮೇಲೆ ತರುತ್ತದೆ, ಚಿಂತೆಯಿಲ್ಲ. ಜುಲೈ ಬೇರೆ ಕಥೆ. ದಟ್ಟ ಮೋಡದಲ್ಲಿ ಪ್ಯಾನೆಲ್ ತನ್ನ ವಾಟಿನ ಶೇ. 10ರಿಂದ 25 ಮಾತ್ರ ಕೊಡುತ್ತದೆ. ಭಾಗಮಂಡಲದ ಕಡೆ ಮಳೆ ಹಿಡಿದರೆ 540 ಹಾಕಿದರೂ ಫ್ರಿಜ್ಜಿಗೆ ಸಾಲದು. ಹಾಗಾಗಿ ಚಾವಣಿಯಲ್ಲಿ ವಾಟ್ ಹೆಚ್ಚಿಸುವ ಬದಲು ಆ ದುಡ್ಡನ್ನು 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರಿಗೆ ಹಾಕಿ. ಇಂಜಿನ್ ಓಡುವಾಗ ಗಂಟೆಗೆ 400 ವಾಟ್-ಅವರ್ ತುಂಬುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ಫ್ರಿಜ್ಜಿನ ಮುಕ್ಕಾಲು ದಿನದ ಖರ್ಚು ಬಂದಿರುತ್ತದೆ. ಆಲ್ಟರ್ನೇಟರಿನಿಂದ ಲಿಥಿಯಂಗೆ ನೇರ ತಂತಿ ಎಳೆಯಬೇಡಿ. ಒಳ ಪ್ರತಿರೋಧ ಕಡಿಮೆ ಇರುವ ಬ್ಯಾಟರಿ ಮಿತಿಯಿಲ್ಲದೆ ಕರೆಂಟ್ ಎಳೆದು ಆಲ್ಟರ್ನೇಟರ್ ಸುಡುತ್ತದೆ.

540ರದ್ದು ವಾಟಿಗೆ ಅಗ್ಗ ನಿಜ. ಆದರೆ 28 ಕಿಲೋ ತೂಕ, 2.28 ಮೀಟರ್ ಉದ್ದ. ಮನೆಯ ಮೇಲೆ ಅಲುಗದೆ ಕೂರಲು ಮಾಡಿದ್ದು. ತೋಟದ ರಸ್ತೆಯ ಗುಂಡಿಯಲ್ಲಿ ಚಾವಣಿ ತಿರುಚಿದಾಗ ಅಷ್ಟುದ್ದದ ಚೌಕಟ್ಟು ಜೊತೆಗೆ ತಿರುಚುತ್ತದೆ, ಸೆಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಮರದ ಕೊಂಬೆ ತಾಗಿ ಗಾಜು ಒಡೆದರೆ ಪೂರ್ತಿ ಹೋಯಿತು. 200ರದ್ದು ಎರಡು ಹಾಕಿ. ಬಾಗುವ ತೆಳು ಪ್ಯಾನೆಲ್ ಅಂತೂ ಬೇಡ. ಚಾವಣಿಗೆ ಅಂಟಿಕೊಂಡು ಗಾಳಿಯಿಲ್ಲದೆ ಬಿಸಿಯಾಗುತ್ತದೆ, ಪದರ ಬಿಡುತ್ತದೆ.

ತಂತಿ-ತಿರುಪು
ಮೇಲಿನದಕ್ಕೆ ಸೇರಿಸುತ್ತೇನೆ. ಎರಡನ್ನೂ ಸೀರೀಸ್ ಮಾಡಿ. ನೆರಳಿದ್ದರೆ ಪ್ಯಾರಲಲ್ಲೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಎಂಪಿಪಿಟಿ ಇದ್ದಾಗ ಅದು ಯಾವಾಗಲೂ ಸರಿಯಲ್ಲ. 36 ಸೆಲ್ಲಿನ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಳಸಿ ಕರೆಂಟ್ ದಾಟಿಸುವಂಥವು) ಇರುತ್ತವೆ. ವೆಂಟ್ ಫ್ಯಾನಿನ ನೆರಳು ಒಂದರ ಅರ್ಧಕ್ಕೆ ಬಿತ್ತು ಅಂದುಕೊಳ್ಳಿ. ಸೀರೀಸಿನಲ್ಲಿ ಉಳಿದರ್ಧದ 9 ವೋಲ್ಟ್ ಇನ್ನೊಂದು ಪ್ಯಾನೆಲಿನ 18ಕ್ಕೆ ಕೂಡಿಕೊಂಡು ಒಟ್ಟು 27 ಬರುತ್ತದೆ. ಪ್ಯಾರಲಲ್ಲಿನಲ್ಲಿ 9 ವೋಲ್ಟಿನ ಪ್ಯಾನೆಲ್ 18 ವೋಲ್ಟಿನ ಜೊತೆಗಾರನ ಮುಂದೆ ಏನೂ ಕೊಡಲಾರದು. ಇನ್ನೊಂದು: ವಿಕ್ಟ್ರಾನ್ ಕಂಪನಿಯ ಎಂಪಿಪಿಟಿ ಶುರುವಾಗಲು ಪ್ಯಾನೆಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಹೆಚ್ಚಿರಬೇಕು. ಮಂಜು ಮುಸುಕಿದ ಬೆಳಗ್ಗೆ ಸೀರೀಸ್ ಬೇಗ ಎಚ್ಚರಾಗುತ್ತದೆ.

ಕಂಟ್ರೋಲರ್ 100/30 (ಪ್ಯಾನೆಲ್ ಕಡೆ ಗರಿಷ್ಠ 100 ವೋಲ್ಟ್, ಬ್ಯಾಟರಿಗೆ 30 ಆಂಪಿಯರ್) ತೆಗೆದುಕೊಳ್ಳಿ. 75/15ರ ಮಿತಿ 12 ವೋಲ್ಟಿಗೆ 220 ವಾಟ್, 100/20ರದ್ದು 290, ಇದರದ್ದು 440. ಎರಡು ಪ್ಯಾನೆಲಿನ ತೆರೆದ ವೋಲ್ಟೇಜ್ (ಲೋಡ್ ಇಲ್ಲದಾಗಿನದ್ದು) ಸೇರಿ 45, ಡಿಸೆಂಬರಿನ ಚಳಿಗೆ ಒಂದೆರಡು ಏರಿದರೂ 100ರೊಳಗೆ ಸುರಕ್ಷಿತ.

ಪ್ಯಾನೆಲಿನಿಂದ ಕಂಟ್ರೋಲರಿಗೆ 6 ಚದರ ಮಿಲಿಮೀಟರಿನ ತವರ ಲೇಪಿತ ಸೋಲಾರ್ ಕೇಬಲ್. 5 ಮೀಟರ್ ದೂರಕ್ಕೆ ಸೀರೀಸಿನಲ್ಲಿ ನಷ್ಟ ಶೇ. 1, ಪ್ಯಾರಲಲ್ಲಿನಲ್ಲಿ ಶೇ. 4. ಕಂಟ್ರೋಲರಿನಿಂದ ಬ್ಯಾಟರಿಗೆ 10 ಚದರ ಮಿಮೀ, ಒಂದೂವರೆ ಮೀಟರ್ ಮೀರದಂತೆ, 40 ಆಂಪಿಯರ್ ಫ್ಯೂಸ್ ಬ್ಯಾಟರಿ ತುದಿಯಲ್ಲಿ. ಫ್ಯೂಸ್ ಕಾಯುವುದು ತಂತಿಯನ್ನು, ಬೆಂಕಿಯ ಮೂಲ ಬ್ಯಾಟರಿ. ಕಂಟ್ರೋಲರಿನ ಹತ್ತಿರ ಹಾಕಿದರೆ ನಡುವಿನ ತಂತಿಗೆ ಕಾವಲೇ ಇಲ್ಲ.

ಪ್ಯಾನೆಲ್ ಲೈನಿಗೆ ಡಿಸಿ ಎಂಸಿಬಿಯನ್ನೇ ಕೇಳಿ ತನ್ನಿ. ಅಂಗಡಿಯಲ್ಲಿ ಕೈಗೆ ಕೊಡುವುದು ಸಾಮಾನ್ಯವಾಗಿ ಎಸಿಯದ್ದು. ಡಿಸಿಯಲ್ಲಿ ಕಿಡಿ ತಾನಾಗಿ ಆರುವುದಿಲ್ಲ, ಎಸಿ ಎಂಸಿಬಿ ಒಳಗೇ ಕರಗುತ್ತದೆ. ಪ್ಲಸ್ ಮೈನಸ್ ಗುರುತಿರುವುದಾದರೆ ಅದರಂತೆಯೇ ಕೂರಿಸಿ.

ಜೋಡಿಸುವಾಗ ಪ್ಯಾನೆಲಿಗೆ ಟಾರ್ಪಾಲು ಮುಚ್ಚಿ, ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಸೆಟ್ಟಿಂಗಿನಲ್ಲಿ ಅಬ್ಸಾರ್ಪ್ಶನ್ (ತುಂಬಿಸುವ ಕೊನೆ ಹಂತ) 14.2 ವೋಲ್ಟ್, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ಹಂತ) 13.5, ಈಕ್ವಲೈಸೇಶನ್ (ಲೆಡ್-ಆಸಿಡ್ ಬ್ಯಾಟರಿಗೆ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಮತ್ತು ತಾಪಮಾನ ಹೊಂದಾಣಿಕೆ ಎರಡೂ ಆಫ್. ಬ್ಯಾಟರಿ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಕಣದಂಚು
ತುಂಬಾ ಉಪಕಾರ. ಎರಡು ಸಂಶಯ ಉಳಿದವು. 750 ವಾಟಿನ ಮಿಕ್ಸಿ ಇದರಲ್ಲಿ ಓಡುತ್ತದಾ? ತೋಟದೊಳಗೆ ಸಿಲ್ವರ್ ಓಕ್ ಅಡಿ ನಿಲ್ಲಿಸಿದರೆ ಏನು ಗತಿ?

ತಂತಿ-ತಿರುಪು
ಮಿಕ್ಸಿ ಓಡುತ್ತದೆ. ಪ್ಯೂರ್ ಸೈನ್‌ವೇವ್, 1000 ವಾಟ್ ಇನ್ವರ್ಟರ್, ಸರ್ಜ್ ಇಮ್ಮಡಿ ತಡೆಯುವಂಥದ್ದು. ಪೂರ್ಣ ಲೋಡಿನಲ್ಲಿ ಸುಮಾರು 90 ಆಂಪಿಯರ್, ಆದ್ದರಿಂದ 25 ಚದರ ಮಿಮೀ ತಂತಿ, ಒಂದು ಮೀಟರಿನೊಳಗೆ, 125 ಆಂಪಿಯರಿನ ಎಂಆರ್‌ಬಿಎಫ್ ಫ್ಯೂಸ್ ನೇರ ಬ್ಯಾಟರಿ ಟರ್ಮಿನಲ್ ಮೇಲೆ. ಬ್ಯಾಟರಿಯ ಬಿಎಂಎಸ್ (ಒಳಗಿನ ರಕ್ಷಣಾ ಸರ್ಕ್ಯೂಟ್) 100 ಆಂಪಿಯರ್ ಕೊಡುತ್ತದಾ ನೋಡಿ. 50ರದ್ದಾದರೆ ಮಿಕ್ಸಿ ಒತ್ತಿದ ಕೂಡಲೇ ಇಡೀ ವ್ಯಾನ್ ಕತ್ತಲಾಗುತ್ತದೆ.

ಮಳೆಗಾಲದ ಗಾಡಿ
ಮರದಡಿಯ ಚುಕ್ಕಿ ನೆರಳಿಗೆ ಸೀರೀಸೂ ಇಲ್ಲ, ಪ್ಯಾರಲಲ್ಲೂ ಇಲ್ಲ. ಎಲ್ಲ ಸೆಲ್ಲಿಗೂ ಅಷ್ಟಿಷ್ಟು ನೆರಳು ಬಿದ್ದಾಗ ಡಯೋಡ್ ಏನೂ ಮಾಡಲಾರದು. ಕೊಡಗಿನ ತೋಟಕ್ಕೆ ಸರಿಯಾದ ಉಪಾಯ ಅಂದರೆ ಮಡಚುವ 100 ವಾಟಿನದ್ದೊಂದು, 10 ಮೀಟರ್ ಕೇಬಲ್. ಗಾಡಿ ನೆರಳಲ್ಲಿ, ಪ್ಯಾನೆಲ್ ಕಣದ ಬಿಸಿಲಲ್ಲಿ. ಇದಕ್ಕೆ ಬೇರೆಯೇ 75/15 ಇಡಿ. ಚಾವಣಿಯ ಸರಣಿಗೆ ಸೇರಿಸಿದರೆ ಸಣ್ಣದರ ಕರೆಂಟಿಗೆ ದೊಡ್ಡವು ಇಳಿಯುತ್ತವೆ.

ಯಾರೂ ನೀರಿನ ಮಾತೇ ಎತ್ತಲಿಲ್ಲ. ನಮ್ಮ ಕಡೆ ಸೋಲಾರ್ ಹಾಳಾಗುವುದು ಹೆಚ್ಚಾಗಿ ಅದರಿಂದಲೇ. ಚಾವಣಿಗೆ ತೂತು ಆದಷ್ಟು ಕಡಿಮೆ ಮಾಡಿ, ಚಾವಣಿಯ ನೀರು ಹರಿಯುವ ಅಂಚಿಗೆ ಹಿಡಿಯುವ ಬ್ರಾಕೆಟ್ ಮೇಲೆ ಅಲ್ಯೂಮಿನಿಯಂ ಅಡ್ಡಪಟ್ಟಿ ಹಾಕಿ. ಕೇಬಲ್ ಇಳಿಯುವ ಒಂದೇ ತೂತಿನ ಅಂಚು ಉಜ್ಜಿ, ಜಿಂಕ್ ಪ್ರೈಮರ್ ಹೊಡೆದು ಒಣಗಿದ ಮೇಲೆ ಎರಡು ತಂತಿಯ ಗ್ಲ್ಯಾಂಡ್ (ನೀರು ನುಗ್ಗದಂತೆ ತಂತಿಯನ್ನು ಬಿಗಿ ಹಿಡಿಯುವ) ಪೆಟ್ಟಿಗೆಯನ್ನು ಪಾಲಿಯುರಿಥೇನ್ ಸೀಲಂಟಿನಲ್ಲಿ ಕೂರಿಸಿ. ಹುಳಿ ವಾಸನೆಯ ಬಚ್ಚಲುಮನೆ ಸಿಲಿಕೋನ್ ಬೇಡ, ಅದರ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಗ್ಲ್ಯಾಂಡಿನ ಬಾಯಿ ಹಿಂದಕ್ಕೆ ತಿರುಗಿರಲಿ, ತಂತಿ ಒಳಗೆ ಹೋಗುವ ಮುನ್ನ ಒಂದು ಬಳುಕು ಕೆಳಗೆ ಇಳಿದಿರಲಿ, ಹನಿ ಅಲ್ಲೇ ಉದುರುತ್ತದೆ.

ಪ್ಯಾನೆಲಿನಡಿ 30ರಿಂದ 40 ಮಿಮೀ ಗಾಳಿ ಜಾಗ ಇರಲಿ, ಹಿಂಬದಿ 15 ಮಿಮೀ ತಗ್ಗಿರಲಿ. ಪೂರಾ ಮಟ್ಟವಾದರೆ ಚೌಕಟ್ಟಿನ ಅಂಚಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ, ಸಿಲ್ವರ್ ಓಕ್ ಎಲೆ ಅಲ್ಲೇ ಅಂಟುತ್ತದೆ. ಕೆಳಸಾಲಿನ ಸೆಲ್ಲುಗಳು ಖಾಯಂ ನೆರಳಲ್ಲಿ! ಪ್ಯಾನೆಲ್ ತಂತಿ ಜೋಡಿಸುವ ಎಂಸಿ4 ಕನೆಕ್ಟರ್ ಗಂಡು ಹೆಣ್ಣು ಎರಡೂ ಒಂದೇ ಕಂಪನಿಯದ್ದಾಗಿರಲಿ. ಬೇರೆ ಬೇರೆಯಾದರೆ ಕೂತಂತೆ ಕಂಡರೂ ಸಡಿಲವಿದ್ದು ಕಾದು ಕಪ್ಪಾಗುತ್ತದೆ. ಕನೆಕ್ಟರನ್ನು ಚಾವಣಿಗೆ ತಾಗದಂತೆ ಚೌಕಟ್ಟಿಗೆ ಎತ್ತಿ ಕಟ್ಟಿ.

ಸ್ಟೀಲ್ ಎಂ8 ಬೋಲ್ಟಿಗೆ ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್, ಅಲ್ಯೂಮಿನಿಯಂ ತಾಗುವಲ್ಲಿ ರಬ್ಬರ್ ವಾಷರ್. ಮೊದಲ 100 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್, ಎಲ್ಲ ಲಗ್ (ತಂತಿ ತುದಿಯ ಉಂಗುರ) ಮತ್ತೊಮ್ಮೆ ಬಿಗಿ ಮಾಡಿ. ಆರ್‌ಸಿಯಲ್ಲಿ ಬದಲಾವಣೆ ನಮೂದಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು, ಕೆಲಸ ಮುಗಿಸಿ ಹೋಗಬೇಡಿ.

ಕಣದಂಚು
ಸರಿ. 200ರದ್ದು ಎರಡು ಸೀರೀಸ್, 100/30, ಡಿಸಿ-ಡಿಸಿ 30, ಮಡಚುವುದಕ್ಕೆ ಬೇರೆ 75/15. ಡಿಸಿ-ಡಿಸಿಯನ್ನು ಇಗ್ನಿಶನ್ ಲೈನಿಗೆ ಕೊಡಬೇಕಾ?

ಹಾರಂಗಿ ಹಿನ್ನೀರು
ಹೌದು, ಅದರ ಸಿಗ್ನಲ್ ತಂತಿಯನ್ನು ಇಗ್ನಿಶನ್ ಆನ್ ಇದ್ದಾಗ ಮಾತ್ರ 12 ವೋಲ್ಟ್ ಬರುವ ಕಡೆಗೆ ಕೊಡಿ, ಇಲ್ಲವಾದರೆ ಗಾಡಿ ನಿಂತಾಗಲೂ ಸ್ಟಾರ್ಟರ್ ಬ್ಯಾಟರಿ ಖಾಲಿ ಮಾಡೀತು. ಮುಖ್ಯ ಲೈನ್ 16 ಚದರ ಮಿಮೀ, ಎರಡೂ ಬ್ಯಾಟರಿ ತುದಿಗೆ ಒಂದೊಂದು ಫ್ಯೂಸ್.