ಅಪ್‌ಡೇಟ್: ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಇಲ್ಲದೆ ವಿದೇಶ ವ್ಯವಹಾರದ ಕೆಲಸ ಸಿಕ್ಕಿತು

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಆಗಿದೆ, ಊರು ಕೋಲಾರದ ಶ್ರೀನಿವಾಸಪುರ, ಯುಪಿಎಸ್‌ಸಿ ಬರೆಯುವ ಮನಸ್ಸಿಲ್ಲ, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಬೇರೆ ದಾರಿ ಇದೆಯಾ ಅಂತ ಹಿಂದೆ ಕೇಳಿದ್ದೆ. ಥಿಂಕ್ ಟ್ಯಾಂಕ್ (ನೀತಿ ಸಂಶೋಧನಾ ಸಂಸ್ಥೆ), ವಿಶ್ವಸಂಸ್ಥೆ, ಎನ್‌ಜಿಒ ಅಂತ ಹಲವರು ಹೇಳಿದಿರಿ. ಒಬ್ಬ ಅಕ್ಕ ಮಾತ್ರ "ನಿಮ್ಮೂರಿನ ಮಾವಿನ ಮಂಡಿಯಿಂದಲೇ ಶುರು ಮಾಡು" ಅಂದರು. ಅದೇ ಕೈ ಹಿಡಿಯಿತು.

ಈಗ ಹಣ್ಣು ರಫ್ತು ಮಾಡುವ ಕಂಪನಿಯಲ್ಲಿದ್ದೇನೆ. ಯಾವ ದೇಶ ಏನು ಕೇಳುತ್ತದೆ ಅಂತ ಓದಿ, ತೋಟದವರಿಗೆ ಅರ್ಥವಾಗುವ ಹಾಗೆ ಹೇಳುವುದು ನನ್ನ ಕೆಲಸ. ಹಣ್ಣುನೊಣದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2014ರ ಮೇನಲ್ಲಿ ಭಾರತದ ಮಾವಿನ ಹಣ್ಣನ್ನೇ ನಿಲ್ಲಿಸಿತ್ತು. ಮತ್ತೆ ಬಾಗಿಲು ತೆರೆದದ್ದು 2015ರಲ್ಲಿ. ಅಮೆರಿಕಕ್ಕೆ ಕಳಿಸುವುದಾದರೆ ಕೀಟ ಹರಡದ ಹಾಗೆ ಹಣ್ಣಿಗೆ ವಿಕಿರಣದ ಸಂಸ್ಕರಣೆ ಆಗಲೇಬೇಕು. ಇದೆಲ್ಲ ರಾಜತಾಂತ್ರಿಕತೆಯೇ ಅಲ್ವಾ? ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಎಸ್‌ಪಿಎಸ್ ಒಪ್ಪಂದವನ್ನು, ಅಂದರೆ ಆಹಾರ ಸುರಕ್ಷತೆ ಮತ್ತು ಪ್ರಾಣಿ, ಸಸ್ಯಗಳ ಆರೋಗ್ಯದ ಒಪ್ಪಂದವನ್ನು, ಕಾಲೇಜಲ್ಲಿ ಸುಮ್ನೆ ಮೇಲೆ ಮೇಲೆ ಓದಿದ್ದೆವು. ಇಲ್ಲಿ ದಿನಾ ಅದರ ಜೊತೆಗೇ ಕೆಲಸ.

ಮೊನ್ನೆ ಒಂದು ತೋಟದಲ್ಲಿ, ಯಾವ ಔಷಧಿ ಯಾವತ್ತು ಹೊಡೆದಿರಿ ಅಂತ ಕೇಳಿದೆ. ಯಜಮಾನರು ಗೋಡೆಯ ಕ್ಯಾಲೆಂಡರ್ ಇಳಿಸಿ ಕೊಟ್ಟರು. ಔಷಧಿ ಹೊಡೆದ ತಾರೀಖಿನ ಮೇಲೆಲ್ಲ ಪೆನ್ನಲ್ಲಿ ಹೆಸರು, ಅಳತೆ! ರಫ್ತಿಗೆ ನಮಗೆ ಬೇಕಾದ ದಾಖಲೆಯೇ ಅದು. ತುಂಬಾ ಖುಷಿಯಾಯಿತು.

ಸಂಬಳ ಜಾಸ್ತಿ ಇಲ್ಲ, ಕಲಿಯಲು ಬೇಕಾದಷ್ಟಿದೆ. ಅನುಭವ ಬೇಕೆನ್ನುವವರು ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆ ನೋಡಿ. 18 ತುಂಬಿರಬೇಕು, ದುಡ್ಡು ಸಿಗುವುದಿಲ್ಲ, ಆದರೆ ಮನೆಯಿಂದಲೇ ಮಾಡಬಹುದು. ಕೋಲಾರದ ಕಡೆಯವರು ಯಾರಾದರೂ ಇದೇ ದಾರಿ ಹುಡುಕುತ್ತಿದ್ದರೆ ಕೇಳಿ, ಗೊತ್ತಿರುವುದನ್ನೆಲ್ಲ ಹೇಳುತ್ತೇನೆ.