ಅಪ್‌ಡೇಟ್: 4,29,49,67,297 ಅವಿಭಾಜ್ಯ ಸಂಖ್ಯೆ ಅಲ್ಲ

ದಾವಣಗೆರೆಯಲ್ಲಿ ನನ್ನ ಹತ್ರ ಟ್ಯೂಷನ್‌ಗೆ ಬರುವ ಹುಡುಗಿಯೊಬ್ಬಳ ಪ್ರಶ್ನೆಯನ್ನು ಹಿಂದೆ ಇಲ್ಲಿ ಹಾಕಿ ಸಲಹೆ ಕೇಳಿದ್ದೆ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಈ ಸಂಖ್ಯೆ ಅವಿಭಾಜ್ಯವೇ ಅಂತ. ಉತ್ತರ ಸಿಕ್ಕಿತು.

ಅಂಕಿಗಳನ್ನು ಕೂಡಿ ನೋಡಿ ಅಂತ ಬಂದ ಸಲಹೆ ಸಾಲಲಿಲ್ಲ. ಮೊತ್ತ 59, ಅಂದರೆ 3ರಿಂದ ಭಾಗವಾಗಲ್ಲ, ಅಷ್ಟೇ. ಕೈ ಹಿಡಿದಿದ್ದು ಗಣಿತಜ್ಞ ಆಯ್ಲರ್ ಅವರ ನಿಯಮ ಹೇಳಿದವರ ಸಲಹೆ. ಆ ನಿಯಮದ ಪ್ರಕಾರ ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ 193, 257, 449, 577 ನೋಡಿದೆವು, ಆಗಲಿಲ್ಲ. ಮುಂದಿನದು 641. ಶೇಷ ಸೊನ್ನೆ! ಭಾಗಲಬ್ಧ 67,00,417, ಅದೂ ಅವಿಭಾಜ್ಯ.

ಗಣಿತಜ್ಞ ಫರ್ಮಾ ಇಡೀ ಸಂಖ್ಯೆಯನ್ನೇ ಅವಿಭಾಜ್ಯ ಅಂತ ನಂಬಿದ್ದರಂತೆ. 1732ರಲ್ಲಿ ಆಯ್ಲರ್ ಅದನ್ನು ಒಡೆದು ತೋರಿಸಿದರು. ಹುಡುಗಿಗೆ ಜಾಸ್ತಿ ಖುಷಿಯಾಗಿದ್ದು ಬೇರೆ ವಿಷಯಕ್ಕೆ: 641 ಅಂದರೆ 625+16 (5ರ 4ನೇ ಘಾತ + 2ರ 4ನೇ ಘಾತ), ಜೊತೆಗೆ 5×128+1 ಕೂಡ (128 ಅಂದರೆ 2ರ 7ನೇ ಘಾತ). ಈ ಎರಡು ರೂಪ ಸಾಕು, 641ರಿಂದ ಭಾಗವಾಗುತ್ತೆ ಅಂತ ಉದ್ದದ ಭಾಗಾಕಾರ ಇಲ್ಲದೆಯೇ ಸಾಬೀತು ಮಾಡಬಹುದು.